ಹೆಂಚಿನ ನಡುವಿನ ಎಣ್ಣೆ ಎಲ್ಲಿಗೆ ಹೋಗುತ್ತದೆ?

ದೋಸೆ ಹುಯ್ಯುವವರಿಗೆಲ್ಲ ಗೊತ್ತಿರುವ ಸಂಗತಿ ಇದು. ಹೆಂಚು ಒಲೆಯ ಮೇಲಿದೆ. ಒಂದು ಚಮಚ ಎಣ್ಣೆ ಹಾಕಿ ಸಟ್ಟುಗದಲ್ಲಿ ಸವರಿದ್ದಾಗಿದೆ. ಹೆಂಚು ಕಾಯುತ್ತಾ ಹೋದಂತೆ ನಡುವಿನ ಎಣ್ಣೆ ತೆಳ್ಳಗಾಗುತ್ತದೆ, ಹೊಳಪು ಕಳೆದುಕೊಳ್ಳುತ್ತದೆ, ಕೊನೆಗೆ ಬರಿಯ ಕಬ್ಬಿಣ ಕಾಣುತ್ತದೆ. ಎಣ್ಣೆಯೆಲ್ಲ ಅಂಚಿನ ಕಡೆ ಸರಿದು ಉಂಗುರ ಕಟ್ಟಿಕೊಂಡು ನಿಂತಿರುತ್ತದೆ. ಹಿಟ್ಟು ಹುಯ್ದರೆ ಅಂಚು ಗರಿಗರಿಯಾಗಿ ಏಳುತ್ತದೆ, ನಡು ಕಚ್ಚಿಕೊಳ್ಳುತ್ತದೆ.

ಕಡೂರು, ಬೀರೂರು, ತರೀಕೆರೆ, ಅಜ್ಜಂಪುರದ ಕಡೆ ಇದಕ್ಕೆ ಹಳೆಯ ಮದ್ದೊಂದಿದೆ. ಈರುಳ್ಳಿ ಬೆಳೆಯುವ ಸೀಮೆ ಇದು. ಒಂದು ಈರುಳ್ಳಿಯನ್ನು ಅರ್ಧಕ್ಕೆ ಕೊಯ್ದು, ಕಡ್ಡಿಗೆ ಚುಚ್ಚಿ, ಎಣ್ಣೆಯಲ್ಲಿ ಅದ್ದಿ, ಪ್ರತಿ ದೋಸೆಗೂ ಮೊದಲು ಹೆಂಚಿನ ನಡುವಿನಿಂದ ಅಂಚಿನವರೆಗೆ ತಿರುಗಿಸಿ ತಿರುಗಿಸಿ ಉಜ್ಜುತ್ತಾರೆ. ಹೋಟೆಲಿನ ದೊಡ್ಡ ಕಾವಲಿಯಾದರೂ ಅಷ್ಟೆ, ಮನೆಯ ಸಣ್ಣ ಹೆಂಚಾದರೂ ಅಷ್ಟೆ. ಒಮ್ಮೆ ಉಜ್ಜಿದ್ದು ಮುಂದಿನ ದೋಸೆಯ ತನಕ ನಿಲ್ಲುವುದಿಲ್ಲ, ಮತ್ತೆ ಉಜ್ಜಲೇಬೇಕು.

ಯಾಕೆ ನಿಲ್ಲುವುದಿಲ್ಲ ಎಂದು ಕೇಳಿದರೆ ಎರಡು ಉತ್ತರ ಸಿಗುತ್ತವೆ. ಒಂದು, ಬಿಸಿಗೆ ಎಣ್ಣೆ ಆವಿಯಾಗಿ ಹೋಯಿತು. ಇನ್ನೊಂದು, ಹೆಂಚಿನ ನಡು ಉಬ್ಬಿದೆ, ಎಣ್ಣೆ ಇಳಿಜಾರಿಗೆ ಹರಿಯಿತು. ಅಡುಗೆ ಎಣ್ಣೆ ನೀರಿನ ಹಾಗೆ ಕುದಿದು ಆವಿಯಾಗುವುದಿಲ್ಲ. ಆವಿಯಾಗಿದ್ದರೆ ಅಂಚಿನ ಎಣ್ಣೆ ಮೊದಲಿಗಿಂತ ದಪ್ಪಗಾಗುತ್ತಲೂ ಇರಲಿಲ್ಲ. ಎರಡನೆಯ ಉತ್ತರ ಕೆಲವು ಹೆಂಚುಗಳ ಮಟ್ಟಿಗೆ ನಿಜ. ಆದರೆ ಪೂರ್ತಿ ಸಮತಟ್ಟಾದ ಹೊಸ ತವಾದಲ್ಲೂ ನಡು ಬರಿದಾಗುತ್ತದೆ. ಪದರ ತೀರಾ ತೆಳುವಾಗಿದ್ದರೆ ನಡು ತುಸು ತಗ್ಗಾಗಿರುವ ಹೆಂಚಿನಲ್ಲೂ ಎಣ್ಣೆ ಏರು ಹತ್ತಿಕೊಂಡು ಅಂಚಿನ ಕಡೆ ಹೋಗುತ್ತದೆ. ಅಂದಮೇಲೆ ಅದನ್ನು ಎಳೆದೊಯ್ಯುವ ಬಲ ಬೇರೊಂದಿರಬೇಕು.

ಹೆಂಚಿನ ಮೇಲೊಂದು ಕ್ಯಾಮೆರಾ

ಜೆಕ್ ವಿಜ್ಞಾನ ಅಕಾಡೆಮಿಯ ಅಲೆಕ್ಸಾಂಡರ್ ಫೆಡೊರ್ಚೆಂಕೊ ಮತ್ತು ಯಾನ್ ಹ್ರುಬಿ ಈ ಅಡುಗೆಮನೆಯ ಸಂಗತಿಯನ್ನೇ ಪ್ರಯೋಗಾಲಯಕ್ಕೆ ಒಯ್ದರು. ಅಂಟದ ಲೇಪವಿರುವ ತವಾದಲ್ಲಿ ಸೂರ್ಯಕಾಂತಿ ಎಣ್ಣೆಯ ತೆಳು ಪದರ ಹರಡಿ, ಕೆಳಗಿನಿಂದ ಕಾಯಿಸಿ, ಮೇಲೊಂದು ಕ್ಯಾಮೆರಾ ಇಟ್ಟು ನೋಡಿದರು. ನಡುವೆ ಬರಿದಾದ ಜಾಗ ಹುಟ್ಟುವ, ಅದು ಬೆಳೆಯುವ ವೇಗವನ್ನು ಅಳೆದರು. 2021ರಲ್ಲಿ 'ಫಿಸಿಕ್ಸ್ ಆಫ್ ಫ್ಲೂಯಿಡ್ಸ್' ಪತ್ರಿಕೆಯಲ್ಲಿ ಆ ಕೆಲಸ ಪ್ರಕಟವಾಯಿತು. ಲೇಪವಿದ್ದ ತವಾದಲ್ಲೂ ತಿನಿಸು ನಡುವೆ ಅಂಟುವುದೇಕೆ ಎಂಬ ಪ್ರಶ್ನೆಗೆ ಅವರ ಉತ್ತರ ಸ್ಪಷ್ಟವಾಗಿತ್ತು: ನಡು ಮತ್ತು ಅಂಚಿನ ಬಿಸಿಯ ವ್ಯತ್ಯಾಸವೇ ಎಣ್ಣೆಯನ್ನು ಹೊರಕ್ಕೆ ಎಳೆಯುತ್ತದೆ.

ಅವರು ಹೇಳಿದ ಪರಿಹಾರಗಳು ನಮ್ಮ ಅಡುಗೆಮನೆಗಳಿಗೆ ಹೊಸವೇನಲ್ಲ: ಎಣ್ಣೆಯ ಪದರ ದಪ್ಪಗಿರಲಿ, ಉರಿ ಹದವಾಗಿರಲಿ, ತಳ ದಪ್ಪವಿರುವ ಪಾತ್ರೆ ಬಳಸಿ, ಮೇಲ್ಮೈಯನ್ನೆಲ್ಲ ಎಣ್ಣೆಯಿಂದ ತೋಯಿಸಿ, ಆಗಾಗ ಕೈಯಾಡಿಸಿ. ಈರುಳ್ಳಿಯ ಹೋಳು ಇವುಗಳಲ್ಲಿ ಕೊನೆಯ ಎರಡನ್ನು ಒಟ್ಟಿಗೇ ಮಾಡುತ್ತದೆ. ದಪ್ಪ ಕಬ್ಬಿಣದ ಹೆಂಚು ಮೂರನೆಯದನ್ನು ನೋಡಿಕೊಳ್ಳುತ್ತದೆ. ತಳ ದಪ್ಪವಿದ್ದಷ್ಟೂ ಉರಿ ತಾಗಿದ ಜಾಗದ ಬಿಸಿ ಸುತ್ತಲೂ ಹರಡಲು ಅವಕಾಶ ಹೆಚ್ಚು.

ಮೇಲ್ಮೈಯ ಎಳೆತ

ದ್ರವದೊಳಗಿನ ಅಣುವನ್ನು ನೆರೆಯ ಅಣುಗಳು ಎಲ್ಲ ದಿಕ್ಕಿನಿಂದಲೂ ಸಮನಾಗಿ ಸೆಳೆಯುತ್ತವೆ. ಮೇಲ್ಮೈಯಲ್ಲಿರುವ ಅಣುವಿಗೆ ಮೇಲೆ ನೆರೆಯವರಿಲ್ಲ. ಅದಕ್ಕೆ ಒಳಗಿನ ಮತ್ತು ಅಕ್ಕಪಕ್ಕದ ಸೆಳೆತ ಮಾತ್ರ ಇರುತ್ತದೆ. ಹಾಗಾಗಿ ದ್ರವದ ಮೇಲ್ಮೈ ಸದಾ ಬಿಗಿಯಾಗಿರುತ್ತದೆ, ಸಾಧ್ಯವಾದಷ್ಟು ಕಿರಿದಾಗಲು ನೋಡುತ್ತದೆ. ಮಳೆಹನಿ ಗುಂಡಗಾಗುವುದು ಈ ಬಿಗಿತದಿಂದ. ಇದನ್ನು ಮೇಲ್ಮೈ ಎಳೆತ ಎನ್ನೋಣ.

ಈ ಎಳೆತವನ್ನು ಅಳೆಯಬಹುದು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶುದ್ಧ ನೀರಿನ ಮೇಲ್ಮೈಯಲ್ಲಿ ಒಂದು ಮೀಟರ್ ಉದ್ದದ ಗೆರೆ ಎಳೆದರೆ, ಆ ಗೆರೆಯ ಎರಡೂ ಬದಿಯ ನೀರು ಪರಸ್ಪರ ಎಳೆಯುವ ಬಲ ಸುಮಾರು ಏಳೂವರೆ ಗ್ರಾಂ ತೂಕದಷ್ಟು. ಕೇಳಿದರೆ ಅಲ್ಪ ಅನ್ನಿಸುತ್ತದೆ. ಎಣ್ಣೆಯಲ್ಲಿ ಇದು ಇನ್ನೂ ಕಡಿಮೆ, ನೀರಿನ ಅರ್ಧವೂ ಇಲ್ಲ. ಆದರೆ ಒಂದು ಹನಿಯ ತೂಕವೇ ಗ್ರಾಂನ ಇಪ್ಪತ್ತರಲ್ಲೊಂದು ಪಾಲಿನ ಆಸುಪಾಸು. ಹೆಂಚಿನ ಮೇಲಿನ ಎಣ್ಣೆ ಪದರದ ಪ್ರತಿ ಚದರ ಸೆಂಟಿಮೀಟರಿನ ತೂಕ ಅದಕ್ಕಿಂತಲೂ ಕಡಿಮೆ. ಆ ಅಳತೆಯ ಲೋಕದಲ್ಲಿ ಮೇಲ್ಮೈ ಎಳೆತ ಬಹಳ ದೊಡ್ಡ ಬಲ.

ಇನ್ನು ಈ ಅಧ್ಯಾಯದ ಮುಖ್ಯ ಮಾತು: ಬಿಸಿಯಾದಂತೆ ಈ ಎಳೆತ ಸಡಿಲವಾಗುತ್ತದೆ. ಅಣುಗಳ ಚಡಪಡಿಕೆ ಹೆಚ್ಚಿ, ಒಂದನ್ನೊಂದು ಹಿಡಿದುಕೊಳ್ಳುವ ಹಿಡಿತ ಕಡಿಮೆಯಾಗುತ್ತದೆ. 20 ಡಿಗ್ರಿಯಲ್ಲಿ ಏಳೂವರೆ ಗ್ರಾಂ ಇದ್ದ ನೀರಿನ ಎಳೆತ 100 ಡಿಗ್ರಿಗೆ ಬರುವಾಗ ಆರು ಗ್ರಾಂಗೆ ಇಳಿದಿರುತ್ತದೆ. ಒತ್ತಡದ ಪಾತ್ರೆಯಲ್ಲಿ 374 ಡಿಗ್ರಿವರೆಗೆ ಕಾಯಿಸಿದರೆ ನೀರಿಗೂ ಉಗಿಗೂ ವ್ಯತ್ಯಾಸವೇ ಉಳಿಯುವುದಿಲ್ಲ. ಮೇಲ್ಮೈಯೇ ಇಲ್ಲವಾಗಿ ಎಳೆತವೂ ಸೊನ್ನೆಯಾಗುತ್ತದೆ.

ತಣ್ಣಗಿರುವುದೇ ಗೆಲ್ಲುತ್ತದೆ

ಈಗ ಹೆಂಚಿಗೆ ಬರೋಣ. ಉರಿ ನಡುವೆ ತಾಗುತ್ತಿದೆ. ನಡುವಿನ ಎಣ್ಣೆಯ ಮೇಲ್ಮೈ ಹೆಚ್ಚು ಬಿಸಿ, ಅದರ ಎಳೆತ ಸಡಿಲ. ಅಂಚಿನದು ಅಷ್ಟು ಬಿಸಿಯಿಲ್ಲ, ಅದರ ಎಳೆತ ಬಿಗಿ. ಇವೆರಡರ ಮಧ್ಯೆ ಇರುವ ಎಣ್ಣೆಯ ಚೂರೊಂದನ್ನು ಯೋಚಿಸಿ. ಒಳಗಿನ ಕಡೆಯಿಂದ ಅದನ್ನು ಎಳೆಯುವ ಬಲಕ್ಕಿಂತ ಹೊರಗಿನ ಕಡೆಯಿಂದ ಎಳೆಯುವ ಬಲ ಹೆಚ್ಚು. ಹಾಗಾಗಿ ಅದು ಹೊರಕ್ಕೆ ಜಾರುತ್ತದೆ. ಜಾರುವಾಗ ತನ್ನ ಕೆಳಗಿನ ಎಣ್ಣೆಯನ್ನೂ ಎಳೆದುಕೊಂಡು ಹೋಗುತ್ತದೆ, ಏಕೆಂದರೆ ಎಣ್ಣೆಗೆ ಜಿಗುಟಿದೆ. ಒಂದು ಪದರ ಚಲಿಸಿದರೆ ಪಕ್ಕದ ಪದರ ಸುಮ್ಮನಿರಲಾರದು. ಕಾದ ಎಣ್ಣೆಯ ಜಿಗುಟು ಕಡಿಮೆಯಾಗಿ ಅದು ನೀರುನೀರಾಗುವುದರಿಂದ ಹರಿವು ಇನ್ನಷ್ಟು ಸಲೀಸು.

ದ್ರವದ ಮೇಲ್ಮೈಯಲ್ಲಿ ಎಳೆತದ ವ್ಯತ್ಯಾಸ ಹುಟ್ಟಿದರೆ ದ್ರವ ಹರಿಯುತ್ತದೆ ಎಂಬುದನ್ನು ಮೊದಲು ಬರೆದವರಲ್ಲಿ ಜೇಮ್ಸ್ ಥಾಮ್ಸನ್ ಒಬ್ಬ. ಲಾರ್ಡ್ ಕೆಲ್ವಿನ್‌ನ ಅಣ್ಣ. ದ್ರಾಕ್ಷಾರಸದ ಲೋಟದ ಒಳಗೋಡೆಯಲ್ಲಿ ಹನಿಗಳು ಏರಿ ಇಳಿಯುವುದನ್ನು ಗಮನಿಸಿ 1855ರಲ್ಲಿ ಆತ ಅದರ ಕಾರಣ ವಿವರಿಸಿದ. ಅಲ್ಲಿ ವ್ಯತ್ಯಾಸ ಹುಟ್ಟುವುದು ಮದ್ಯಸಾರ ಬೇಗ ಆರಿಹೋಗುವುದರಿಂದ. ಹತ್ತು ವರ್ಷದ ಮೇಲೆ, 1865ರಲ್ಲಿ, ಇಟಲಿಯ ಪಾವಿಯಾದಲ್ಲಿ ಕಾರ್ಲೊ ಮರಂಗೋನಿ ಒಂದು ದ್ರವದ ಹನಿ ಇನ್ನೊಂದು ದ್ರವದ ಮೇಲೆ ಹರಡುವ ಬಗೆಯ ಮೇಲೆ ಪ್ರಬಂಧ ಬರೆದ. ಈ ಬಗೆಯ ಹರಿವಿಗೆಲ್ಲ ಈಗ ಅವನ ಹೆಸರೇ ನಿಂತಿದೆ: ಮರಂಗೋನಿ ಹರಿವು.

ಇದನ್ನು ಕಣ್ಣಾರೆ ನೋಡಲು ಹೆಚ್ಚಿನದೇನೂ ಬೇಡ. ಅಗಲವಾದ ಸ್ಟೀಲ್ ತಟ್ಟೆಯಲ್ಲಿ ಒಂದೆರಡು ಚಮಚ ಕೊಬ್ಬರಿ ಎಣ್ಣೆ ಹಾಕಿ ತೆಳ್ಳಗೆ ಹರಡಿ, ಮೇಲೆ ಚಿಟಿಕೆ ಅರಿಸಿನದ ಪುಡಿ ಉದುರಿಸಿ. ತಟ್ಟೆಯನ್ನು ಅಲುಗಾಡದಂತೆ ಎತ್ತರಿಸಿಟ್ಟು ಕೆಳಗೆ ಮೇಣದ ಬತ್ತಿ ಹಿಡಿಯಿರಿ. ಜ್ವಾಲೆ ತಾಗಿದ ಜಾಗದಿಂದ ಅರಿಸಿನದ ಕಣಗಳು ಸುತ್ತಲೂ ಓಡುತ್ತವೆ, ಅಲ್ಲಿ ಎಣ್ಣೆ ಗುಳಿಬೀಳುತ್ತದೆ, ಆಮೇಲೆ ತಟ್ಟೆಯ ಲೋಹ ಕಾಣುತ್ತದೆ. ಮಕ್ಕಳು ಮಾಡುವುದಾದರೆ ದೊಡ್ಡವರು ಪಕ್ಕದಲ್ಲಿರಲಿ, ಎಣ್ಣೆ ಹೊಗೆಯಾಡುವಷ್ಟು ಕಾಯದಿರಲಿ.

ಬಾಣಲೆಯ ಎಣ್ಣೆ ಯಾಕೆ ಬರಿದಾಗುವುದಿಲ್ಲ?

ಬೋಂಡ ಕರಿಯುವ ಬಾಣಲೆಯಲ್ಲೂ ಬಿಸಿಯ ವ್ಯತ್ಯಾಸವಿದೆ. ಅಲ್ಲಿ ನಡು ಬರಿದಾದದ್ದನ್ನು ಯಾರೂ ಕಂಡಿಲ್ಲ. ಕಾರಣ, ಮೇಲ್ಮೈಯ ಎಳೆತಕ್ಕೆ ಎದುರಾಗಿ ಎಣ್ಣೆಯ ತೂಕ ನಿಂತಿರುತ್ತದೆ. ಮೇಲ್ಮೈ ಎಣ್ಣೆಯನ್ನು ಹೊರಕ್ಕೆ ಒಯ್ದಾಗ ಅಂಚಿನಲ್ಲಿ ಮಟ್ಟ ಏರುತ್ತದೆ, ನಡುವೆ ಇಳಿಯುತ್ತದೆ. ಏರಿದ ಎಣ್ಣೆ ತನ್ನ ಭಾರಕ್ಕೆ ತಳದಲ್ಲಿ ಹಿಂದಿರುಗಿ ನಡುವಿಗೆ ಹರಿಯುತ್ತದೆ. ಮೇಲೆ ಹೊರಕ್ಕೆ, ಕೆಳಗೆ ಒಳಕ್ಕೆ, ಹೀಗೆ ಎರಡು ಹರಿವು ಒಟ್ಟಿಗೆ ನಡೆಯುತ್ತವೆ. ಪದರ ದಪ್ಪಗಿದ್ದರೆ ಹಿಂದಿರುಗುವ ದಾರಿ ವಿಶಾಲ. ತೆಳುವಾಗಿದ್ದರೆ ತಳದ ಲೋಹಕ್ಕೆ ಉಜ್ಜಿಕೊಂಡೇ ಬರಬೇಕು, ದಾರಿ ಇಕ್ಕಟ್ಟು.

ಲೆಕ್ಕ ಹಾಕಿ ನೋಡಬಹುದು. ಹೆಂಚಿನ ನಡುವಿಗೂ ಅಂಚಿಗೂ ಎಪ್ಪತ್ತು ಎಂಬತ್ತು ಡಿಗ್ರಿ ವ್ಯತ್ಯಾಸವಿದೆ ಎಂದಿಟ್ಟುಕೊಳ್ಳಿ. ಅಂಚಿನಲ್ಲಿ ಎಣ್ಣೆಯ ದಪ್ಪ 3 ಮಿಲಿಮೀಟರ್ ಇದ್ದರೆ, ನಡುವೆ ಅದು ತಗ್ಗುವುದು ಮಿಲಿಮೀಟರಿನ ಮೂರರಲ್ಲೊಂದು ಪಾಲಿನಷ್ಟು. ಕಣ್ಣಿಗೆ ಬೀಳುವುದೇ ಕಷ್ಟ. ಅಂಚಿನ ದಪ್ಪ ಒಂದೂಕಾಲು, ಒಂದೂವರೆ ಮಿಲಿಮೀಟರಿಗೆ ಇಳಿದರೆ ತೂಕ ಸೋಲುತ್ತದೆ. ಅದೇ ಎಳೆತ ನಡುವನ್ನು ತಳದವರೆಗೆ ಬಗೆದುಬಿಡುತ್ತದೆ. ದೋಸೆಗೆ ನಾವು ಸವರುವ ಎಣ್ಣೆ ಇದಕ್ಕಿಂತ ಎಷ್ಟೋ ತೆಳು. ಒಂದು ಮಿಲಿಮೀಟರಿನ ಆಚೀಚೆ ಇಡೀ ಕಥೆ ಬದಲಾಗುವುದು ನನಗೆ ಈ ವಿಷಯದಲ್ಲಿ ಬಹಳ ಹಿಡಿಸಿದ ಅಂಶ. ಎಣ್ಣೆ ಅದೇ, ಉರಿ ಅದೇ, ಲೋಹ ಅದೇ. ಪದರದ ದಪ್ಪವೊಂದೇ ಯಾವ ಬಲ ಮೇಲುಗೈ ಎಂಬುದನ್ನು ತೀರ್ಮಾನಿಸುತ್ತದೆ.

ತಟ್ಟೆಯ ಮೇಲೊಂದು ಹನಿ

ಪದರದ ಬದಲು ಒಂದೇ ಒಂದು ಹನಿ ಇದ್ದರೆ? ಒಂದು ತುದಿ ಬಿಸಿ, ಇನ್ನೊಂದು ತುದಿ ತಣ್ಣಗಿರುವ ನುಣುಪಾದ ತಟ್ಟೆಯ ಮೇಲೆ ಎಣ್ಣೆಯ ಹನಿಯಿಟ್ಟರೆ ಅದು ಇಡಿಯಾಗಿ ತಣ್ಣನೆಯ ತುದಿಗೆ ತೆವಳುತ್ತದೆ. ತಂತಿಯ ಮೇಲಾದರೂ ಹೀಗೆಯೇ: ತುಸು ಓರೆಯಾಗಿ ಹಿಡಿದ ತಂತಿಯ ಕೆಳತುದಿಯನ್ನು ಕಾಯಿಸಿದರೆ ಹನಿ ತೂಕಕ್ಕೆ ಎದುರಾಗಿ ಮೇಲಕ್ಕೆ ಏರುತ್ತದೆ ಎಂದು ಫ್ರಾನ್ಸಿನ ಆನ್ರಿ ಬುಆಸ್ 1924ರಷ್ಟು ಹಿಂದೆಯೇ ಬರೆದಿದ್ದ.

ಹೀಗೆ ತೆವಳುವಾಗ ಹನಿಯ ಆಕಾರ ಕೆಡುತ್ತದೆ. ಮೇಲ್ಮೈ ದ್ರವವನ್ನು ಮುಂದಕ್ಕೆ ಒಯ್ದು ತಣ್ಣನೆಯ ಬದಿಯಲ್ಲಿ ಸೇರಿಸುವುದರಿಂದ ಮುಂಭಾಗ ದಪ್ಪಗಾಗುತ್ತದೆ, ಹಿಂಭಾಗ ತೆಳ್ಳಗೆ ಎಳೆದುಕೊಳ್ಳುತ್ತದೆ. ದಪ್ಪಗಾದ ಮುಂಭಾಗ ತನ್ನ ಅಂಚನ್ನು ಮುಂದೆ ತಳ್ಳುತ್ತದೆ, ತೆಳುವಾದ ಹಿಂಭಾಗ ಹಿಂದಿನ ಅಂಚನ್ನು ಎಳೆದುಕೊಳ್ಳುತ್ತದೆ. ಗಟ್ಟಿ ಗೋಲಿಯೊಂದು ಹೀಗೆ ಚಲಿಸಲಾರದು. ಅದಕ್ಕೆ ಆಕಾರ ಬದಲಿಸುವ ಶಕ್ತಿಯೂ ಇಲ್ಲ, ಹರಿಯುವ ಮೈಯೂ ಇಲ್ಲ. ಹನಿ ಚಲಿಸುವುದು ಅದು ಹನಿಯಾಗಿರುವುದರಿಂದಲೇ.

1993ರಲ್ಲಿ ಪ್ಯಾರಿಸ್‌ನ ಬ್ರೊಸ್ಕಾ, ಬ್ರೊಶಾರ್-ವಿಯಾರ್ ಮತ್ತು ರೊಂಡೆಲೆ ಸಿಲಿಕೋನ್ ಎಣ್ಣೆಯ ಹನಿಗಳ ಮೇಲೆ ಇದನ್ನು ಜತನದಿಂದ ಅಳೆದರು. ಹನಿ ದೊಡ್ಡದಾದಷ್ಟೂ, ಬಿಸಿಯ ಏರಿಳಿತ ಕಡಿದಾದಷ್ಟೂ ವೇಗ ಹೆಚ್ಚು. ಆದರೆ ಒಂದು ಗಾತ್ರಕ್ಕಿಂತ ಚಿಕ್ಕ ಹನಿಗಳು ಕದಲಲೇ ಇಲ್ಲ. ಹನಿಯ ಅಂಚು ತಟ್ಟೆಯ ಸಣ್ಣಪುಟ್ಟ ಕೊಳೆ, ಒರಟುಗಳಿಗೆ ಕಚ್ಚಿಕೊಂಡಿರುತ್ತದೆ. ಚಿಕ್ಕ ಹನಿಯ ಎರಡು ಅಂಚುಗಳ ಮಧ್ಯೆ ದೂರವೇ ಕಡಿಮೆ, ಹಾಗಾಗಿ ಬಿಸಿಯ ವ್ಯತ್ಯಾಸವೂ ಕಡಿಮೆ. ಆ ಹಿಡಿತ ಬಿಡಿಸಿಕೊಳ್ಳುವ ಬಲ ಅದಕ್ಕೆ ಸಿಗುವುದಿಲ್ಲ.

ಹೆಂಚಿನ ಮೇಲೆ ಓಡುವ ನೀರಹನಿ

ಓದುಗರ ಮನಸ್ಸಿಗೆ ಇಷ್ಟರಲ್ಲಿ ಇನ್ನೊಂದು ದೃಶ್ಯ ಬಂದಿರಬಹುದು. ಹೆಂಚು ಕಾದಿದೆಯೇ ಎಂದು ನೋಡಲು ಚಿಮುಕಿಸಿದ ನೀರು ಮುತ್ತಿನಂತೆ ಉಂಡೆಕಟ್ಟಿ ಅತ್ತಿತ್ತ ಓಡುತ್ತದಲ್ಲ, ಅದೂ ಇದೇ ಏನು? ಬಹುಮಟ್ಟಿಗೆ ಬೇರೆ. 1756ರಲ್ಲಿ ಜರ್ಮನಿಯ ವೈದ್ಯ ಯೋಹಾನ್ ಲೈಡನ್‌ಫ್ರಾಸ್ಟ್ ವಿವರವಾಗಿ ಬರೆದಿಟ್ಟ ಸಂಗತಿ ಇದು: ಬಹಳ ಕಾದ ಲೋಹದ ಮೇಲೆ ಹನಿಯ ತಳದಿಂದ ಏಳುವ ಉಗಿಯೇ ಹನಿಯನ್ನು ಎತ್ತಿ ಹಿಡಿಯುತ್ತದೆ. ಲೋಹಕ್ಕೆ ತಾಗದ ಹನಿ ಎಲ್ಲಿಗೆ ಬೇಕಾದರೂ ಜಾರಬಲ್ಲದು.

ಆದರೂ ಆಕಾರದ ಮಾತು ಅಲ್ಲಿಯೂ ಬರುತ್ತದೆ. ಫ್ರಾನ್ಸಿನ ಅನಾಯಿಸ್ ಬುಯಾನ್ ಮತ್ತು ಸಂಗಡಿಗರು 2018ರಲ್ಲಿ ತೋರಿಸಿದಂತೆ, ದೊಡ್ಡ ಹನಿ ತನ್ನ ತೂಕಕ್ಕೆ ಚಪ್ಪಟೆಯಾಗಿರುವಾಗ ಅದರೊಳಗಿನ ಸುಳಿಗಳು ಎದುರುಬದುರಾಗಿ ಸುತ್ತುತ್ತಾ ಸಮತೂಕದಲ್ಲಿರುತ್ತವೆ. ಆರುತ್ತಾ ಆರುತ್ತಾ ಹನಿ ಒಂದು ಮಿಲಿಮೀಟರ್ ತ್ರಿಜ್ಯದ ಆಸುಪಾಸಿಗೆ ಬಂದು ಗುಂಡಗಾದಾಗ ಒಳಗೆ ಒಂದೇ ಸುಳಿಗೆ ಜಾಗ. ಆಗ ಇಡೀ ಹನಿ ಒಂದೇ ದಿಕ್ಕಿಗೆ ಉರುಳತೊಡಗುತ್ತದೆ. ಹೆಂಚು ಎಷ್ಟೇ ಮಟ್ಟವಾಗಿರಲಿ, ಯಾರೂ ತಳ್ಳದಿದ್ದರೂ ಚಿಕ್ಕ ಹನಿ ತಾನೇ ಹೊರಟುಬಿಡುತ್ತದೆ.

ಇನ್ನು ಸಾಧಾರಣ ಬಿಸಿಯಲ್ಲಿ ನೀರಿನ ಪದರ ಎಣ್ಣೆಯಂತೆ ನಡುವಿನಿಂದ ಸರಿಯುವುದು ಅಪರೂಪ. ಎಳೆತ ಹೆಚ್ಚಿರುವ ನೀರಿನಲ್ಲೇ ಈ ಹರಿವು ಜೋರಾಗಬೇಕಿತ್ತಲ್ಲವೇ? ನೀರಿನ ಮೇಲ್ಮೈ ಬಹಳ ಬೇಗ ಕೊಳೆಯಾಗುತ್ತದೆ. ಬೆರಳಿನ ಜಿಡ್ಡು, ಸೋಪಿನ ಲೇಶ, ಗಾಳಿಯಲ್ಲಿ ಬಂದ ಕಣ, ಏನು ಸಿಕ್ಕರೂ ಅದು ಮೇಲ್ಮೈಗೆ ಬಂದು ಕೂತು ಎಳೆತವನ್ನು ತಗ್ಗಿಸುತ್ತದೆ. ಮೇಲ್ಮೈ ತಣ್ಣನೆಯ ಕಡೆ ಹರಿದರೆ ಆ ಜಿಡ್ಡೂ ಅಲ್ಲಿಗೇ ಹೋಗಿ ಸೇರಿ, ಬಿಗಿಯಾಗಿದ್ದ ತಣ್ಣನೆಯ ಬದಿಯನ್ನೂ ಸಡಿಲಗೊಳಿಸುತ್ತದೆ. ಎರಡೂ ಬದಿ ಸಮವಾಗಿ ಹರಿವು ನಿಲ್ಲುತ್ತದೆ. ಎಣ್ಣೆಯ ಎಳೆತ ಮೊದಲೇ ಕಡಿಮೆಯಿರುವುದರಿಂದ ಜಿಡ್ಡಿಗೆ ಅಲ್ಲಿ ಮಾಡಲು ಕೆಲಸವಿಲ್ಲ. ಪ್ರಯೋಗಶಾಲೆಗಳು ಇಂಥ ಅಧ್ಯಯನಕ್ಕೆ ಸಿಲಿಕೋನ್ ಎಣ್ಣೆಯನ್ನೇ ನೆಚ್ಚುವುದಕ್ಕೆ ಇದೊಂದು ಕಾರಣ.

ಬಿಸಿಯ ಕಡೆಗೇ ಈಜುವ ಗುಳ್ಳೆ

ಇಲ್ಲಿಯವರೆಗೆ ನೋಡಿದ್ದೆಲ್ಲ ತಣ್ಣನೆಯ ಕಡೆಗಿನ ಪಯಣ. ಈಗ ಹನಿಯನ್ನು ತಟ್ಟೆಯಿಂದ ಎತ್ತಿ, ಅದರೊಂದಿಗೆ ಬೆರೆಯದ ಇನ್ನೊಂದು ದ್ರವದೊಳಗೆ ಬಿಡೋಣ. ಗಾಳಿಯ ಗುಳ್ಳೆಯಾದರೂ ಆದೀತು. ದ್ರವದ ಒಂದು ಬದಿ ಬಿಸಿ, ಇನ್ನೊಂದು ಬದಿ ತಣ್ಣಗೆ. ಗುಳ್ಳೆ ಯಾವ ಕಡೆ ಹೋಗುತ್ತದೆ?

ಬಿಸಿಯ ಕಡೆಗೆ!

1959ರಲ್ಲಿ ಯಂಗ್, ಗೋಲ್ಡ್‌ಸ್ಟೀನ್ ಮತ್ತು ಬ್ಲಾಕ್ ಎಂಬ ಮೂವರು ಇದನ್ನು ಸರಳ ಸಾಧನದಲ್ಲಿ ಸಾಬೀತುಮಾಡಿದರು. ಲೇತ್ ಕೆಲಸದವರು ದಪ್ಪ ಅಳೆಯಲು ಬಳಸುವ ಮೈಕ್ರೋಮೀಟರಿನ ಎರಡು ದವಡೆಗಳ ನಡುವೆ ಸಿಲಿಕೋನ್ ಎಣ್ಣೆಯ ಸಣ್ಣ ಕಂಬವನ್ನು ನಿಲ್ಲಿಸಿದರು. ಅದರೊಳಗೆ ಸಣ್ಣ ಗುಳ್ಳೆಗಳು. ಕೆಳಗಿನ ದವಡೆಯನ್ನು ಕಾಯಿಸಿದರು. ಮೇಲೇರಲೇಬೇಕಾದ ಗುಳ್ಳೆಗಳು ನಿಂತಲ್ಲೇ ನಿಂತವು. ಇನ್ನಷ್ಟು ಕಾಯಿಸಿದಾಗ ಕೆಳಕ್ಕೆ ಇಳಿದವು. ಗುಳ್ಳೆಯೊಂದು ಎಣ್ಣೆಯೊಳಗೆ ಕೆಳಮುಖವಾಗಿ ಹೋಗುವುದನ್ನು ಊಹಿಸಿಕೊಂಡರೆ ಈ ಎಳೆತದ ಸಾಮರ್ಥ್ಯ ಮನಸ್ಸಿಗೆ ಹತ್ತುತ್ತದೆ.

ಕಾರಣ ಅದೇ ಹಳೆಯದು. ಗುಳ್ಳೆಯ ಮೇಲ್ಮೈಯ ಬಿಸಿ ಬದಿ ಸಡಿಲ, ತಣ್ಣನೆಯ ಬದಿ ಬಿಗಿ. ಮೇಲ್ಮೈ ಬಿಸಿಯಿಂದ ತಣ್ಣನೆಯ ಕಡೆಗೆ ಜಾರುತ್ತದೆ, ಎಂದಿನಂತೆ. ಆದರೆ ಈಗ ಅದಕ್ಕೆ ಹತ್ತಿಕೊಂಡು ಹೊರಗಿನ ದ್ರವವಿದೆ. ಜಾರುವ ಮೇಲ್ಮೈ ಆ ದ್ರವವನ್ನು ತಣ್ಣನೆಯ ಕಡೆಗೆ ತಳ್ಳುತ್ತದೆ, ತಳ್ಳಿದ್ದಕ್ಕೆ ಪ್ರತಿಯಾಗಿ ಗುಳ್ಳೆ ಬಿಸಿಯ ಕಡೆಗೆ ಸಾಗುತ್ತದೆ. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರಾ ಹಿನ್ನೀರಿಗೆ ದೋಣಿ ಇಳಿಸಿದರೆ ಹುಟ್ಟು ನೀರನ್ನು ಹಿಂದಕ್ಕೆ ತಳ್ಳುತ್ತದೆ, ದೋಣಿ ಮುಂದಕ್ಕೆ ಹೋಗುತ್ತದೆ. ಗುಳ್ಳೆಗೆ ಅದರ ಮೈಯೇ ಹುಟ್ಟು.

ಹಾಗಾದರೆ ತಟ್ಟೆಯ ಮೇಲಿನ ಹನಿ ಯಾಕೆ ಉಲ್ಟಾ ಹೋಯಿತು? ಅದರ ಮೇಲ್ಮೈಗೆ ತಳ್ಳಲು ಹೊರಗೆ ಸಿಕ್ಕಿದ್ದು ಗಾಳಿ ಮಾತ್ರ. ಅದು ಯಾವ ಲೆಕ್ಕಕ್ಕೂ ಇಲ್ಲ. ಮೇಲ್ಮೈ ಎಳೆದುಕೊಂಡು ಹೋದದ್ದು ತನ್ನ ಕೆಳಗಿನ ದ್ರವವನ್ನೇ. ಆ ದ್ರವದ ತಳ ತಟ್ಟೆಗೆ ಹತ್ತಿಕೊಂಡಿದೆ, ಪ್ರತಿಬಲವನ್ನೆಲ್ಲ ಕದಲದ ತಟ್ಟೆಯೇ ತಾಳಿಕೊಳ್ಳುತ್ತದೆ. ಹಾಗಾಗಿ ದ್ರವ ಮೇಲ್ಮೈ ಹೋದ ದಿಕ್ಕಿಗೇ ಹೋಯಿತು. ಮೇಲ್ಮೈ ಎರಡೂ ಕಡೆ ಮಾಡಿದ ಕೆಲಸ ಒಂದೇ: ತಣ್ಣನೆಯ ಕಡೆಗೆ ಎಳೆದದ್ದು. ಅದು ಏನನ್ನು ಹಿಡಿದು ಎಳೆಯಿತು ಎಂಬುದರ ಮೇಲೆ ಹನಿಯ ದಿಕ್ಕು ನಿಂತಿದೆ.

ತೂಕವಿಲ್ಲದ ಕಡೆ

ಭೂಮಿಯ ಮೇಲೆ ಈ ಈಜು ಸಣ್ಣ ಗುಳ್ಳೆಗಳಲ್ಲಿ ಮಾತ್ರ ಕಾಣುವುದಕ್ಕೆ ಕಾರಣವಿದೆ. ಗುಳ್ಳೆಯ ಗಾತ್ರ ಎರಡು ಪಟ್ಟಾದರೆ ಬಿಸಿಯ ವ್ಯತ್ಯಾಸ ಕೊಡುವ ವೇಗ ಎರಡು ಪಟ್ಟಾಗುತ್ತದೆ. ತೇಲಿ ಮೇಲೇರುವ ವೇಗ ನಾಲ್ಕು ಪಟ್ಟಾಗುತ್ತದೆ. ದೊಡ್ಡ ಗುಳ್ಳೆಗಳಲ್ಲಿ ತೇಲುವಿಕೆಯದೇ ಮೇಲುಗೈ. ತೂಕವೇ ಇಲ್ಲದ ಕಡೆ ಹೋದರೆ ದೊಡ್ಡವುಗಳಲ್ಲೂ ಈ ಎಳೆತವನ್ನು ಒಂಟಿಯಾಗಿ ನೋಡಬಹುದು.

ಅಮೆರಿಕದ ಕ್ಲಾರ್ಕ್‌ಸನ್ ವಿಶ್ವವಿದ್ಯಾಲಯದ ಆರ್. ಶಂಕರ್ ಸುಬ್ರಮಣಿಯನ್ ಮತ್ತು ನಾಸಾದಲ್ಲಿ ಕೆಲಸ ಮಾಡಿದ ಆರ್. ಬಾಲಸುಬ್ರಮಣ್ಯಂ ತಮ್ಮ ಸಂಗಡಿಗರೊಂದಿಗೆ ಅದನ್ನೇ ಮಾಡಿದರು. ಕೊಲಂಬಿಯಾ ಬಾಹ್ಯಾಕಾಶ ನೌಕೆಯಲ್ಲಿ 1994ರಲ್ಲೊಮ್ಮೆ, 1996ರಲ್ಲೊಮ್ಮೆ, ಒಂದು ಗೋಡೆ ಬಿಸಿ, ಎದುರು ಗೋಡೆ ತಣ್ಣಗಿದ್ದ ಪೆಟ್ಟಿಗೆಯಲ್ಲಿ ಸಿಲಿಕೋನ್ ಎಣ್ಣೆ ತುಂಬಿ, ಅದರೊಳಗೆ ಗಾಳಿಯ ಗುಳ್ಳೆಗಳನ್ನೂ ಫ್ಲೋರಿನೇಟೆಡ್ ದ್ರವದ ಹನಿಗಳನ್ನೂ ಬಿಟ್ಟು ಚಿತ್ರೀಕರಿಸಿದರು. ಇಬ್ಬರೂ ಸೇರಿ ಬರೆದ, ಈ ವಿಷಯಕ್ಕೇ ಮೀಸಲಾದ ದೊಡ್ಡ ಗ್ರಂಥ 2001ರಲ್ಲಿ ಕೇಂಬ್ರಿಡ್ಜ್‌ನಿಂದ ಹೊರಬಂತು.

ಹನಿಗಳು ಬಿಸಿ ಗೋಡೆಯ ಕಡೆಗೇ ಹೋದವು. ಆದರೆ ದೊಡ್ಡ ಹನಿಗಳು ಸರಳ ಲೆಕ್ಕ ಹೇಳಿದಷ್ಟು ವೇಗವಾಗಿ ಹೋಗಲಿಲ್ಲ. ವೇಗವಾಗಿ ಸಾಗುವ ಹನಿ ತನ್ನ ಸುತ್ತಲಿನ ಬೆಚ್ಚನೆಯ ಎಣ್ಣೆಯನ್ನು ಹಿಂದಿನವರೆಗೂ ಸುತ್ತಿಕೊಳ್ಳುತ್ತದೆ. ಹನಿಯ ಮುಂದು ಹಿಂದಿನ ಬಿಸಿಯ ವ್ಯತ್ಯಾಸವೇ ಮಸುಕಾಗುತ್ತದೆ. ತನ್ನನ್ನು ಓಡಿಸುವ ಕಾರಣವನ್ನು ಹನಿ ತಾನೇ ಕಲಕಿಹಾಕುತ್ತದೆ. ಎರಡು ಹನಿಗಳನ್ನು ಒಂದರ ಹಿಂದೊಂದು ಬಿಟ್ಟಾಗ ಇನ್ನೂ ಸೋಜಿಗದ ಸಂಗತಿ ಕಂಡಿತು: ಮುಂದೆ ಹೋದ ಪುಟ್ಟ ಹನಿ ಬಿಟ್ಟುಹೋದ ಕಲಕಿದ ಜಾಡಿಗೆ ಸಿಕ್ಕಿ ಹಿಂದಿನ ದೊಡ್ಡ ಹನಿ ನಿಧಾನವಾಗುತ್ತಿತ್ತು.

ನಮ್ಮಲ್ಲೂ ತೂಕವಿಲ್ಲದ ಕಡೆ ದ್ರವಲೋಹದ ಪ್ರಯೋಗ ನಡೆದಿದೆ. 2007ರ ಜನವರಿಯಲ್ಲಿ ಇಸ್ರೋ ಹಾರಿಸಿ, ಬಂಗಾಳ ಕೊಲ್ಲಿಯಿಂದ ಮರಳಿ ಪಡೆದ ಎಸ್‌ಆರ್‌ಇ-1 ಕೋಶದಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ತಿರುವನಂತಪುರದ ವಿಕ್ರಮ್ ಸಾರಾಭಾಯಿ ಕೇಂದ್ರ ಸೇರಿ ರೂಪಿಸಿದ ಒಂದು ಪುಟ್ಟ ಕುಲುಮೆ ಇತ್ತು. ಲೋಹ ಕರಗಿ ಮತ್ತೆ ಹರಳುಗಟ್ಟುವುದನ್ನು ನೋಡುವುದು ಅದರ ಕೆಲಸ. ಬಿಸಿಯಾದ ದ್ರವ ಹಗುರಾಗಿ ಮೇಲೇರುವ ಕಲಕಾಟ ಅಂಥ ಕಡೆ ನಿಂತುಹೋಗುತ್ತದೆ. ಮರಂಗೋನಿ ಹರಿವು ತೂಕವನ್ನು ನೆಚ್ಚಿಲ್ಲ. ತೆರೆದ ಮೇಲ್ಮೈ ಮತ್ತು ಬಿಸಿಯ ವ್ಯತ್ಯಾಸ ಎರಡೂ ಇದ್ದರೆ ಅಲ್ಲಿಯೂ ಅದು ದ್ರವವನ್ನು ಕಲಕುತ್ತಲೇ ಇರುತ್ತದೆ.

ಹನಿ ಎಷ್ಟು ಬಾಗುತ್ತದೆ?

ದ್ರವದೊಳಗೆ ಈಜುವ ಹನಿಯ ಆಕಾರವೂ ತಟ್ಟೆಯ ಮೇಲಿನ ಹನಿಯಂತೆ ಕೆಡುತ್ತದೆಯೇ? ಹನಿ ಚಿಕ್ಕದಿದ್ದರೆ ಇಲ್ಲವೆಂದೇ ಹೇಳಬೇಕು. ಮೇಲ್ಮೈ ಬಿಗಿಯಾಗಿರುವುದರಿಂದ ಹನಿಯೊಳಗೆ ಹೊರಗಿಗಿಂತ ಹೆಚ್ಚಿನ ಒತ್ತಡವಿರುತ್ತದೆ. ಒಂದು ಮಿಲಿಮೀಟರ್ ತ್ರಿಜ್ಯದ ನೀರಹನಿಯಲ್ಲಿ ಅದು ಒಂದೂವರೆ ಸೆಂಟಿಮೀಟರ್ ಎತ್ತರದ ನೀರಿನ ಕಂಬದ ಒತ್ತಡಕ್ಕೆ ಸಮ. ಹನಿ ಹತ್ತು ಪಟ್ಟು ಚಿಕ್ಕದಾದರೆ ಒತ್ತಡ ಹತ್ತು ಪಟ್ಟು ಹೆಚ್ಚು, ಹದಿನೈದು ಸೆಂಟಿಮೀಟರಿನಷ್ಟು. ಸುತ್ತಲಿನ ದ್ರವದ ಮೆಲ್ಲನೆಯ ಹರಿವು ಈ ಒತ್ತಡವನ್ನು ಮೀರಿ ಹನಿಯನ್ನು ಬಾಗಿಸಲಾರದು. ಪುಟ್ಟ ಹನಿ ಗುಂಡಗೇ ಉಳಿದು ಈಜುತ್ತದೆ.

ದೊಡ್ಡ ಹನಿಗಳು ಬಾಗುತ್ತವೆ. ವೇಗ ಹೆಚ್ಚಿದರೆ, ಗೋಡೆ ಹತ್ತಿರ ಬಂದರೆ, ಪಕ್ಕದಲ್ಲಿ ಇನ್ನೊಂದು ಹನಿಯಿದ್ದರೆ ಇನ್ನೂ ಹೆಚ್ಚು. ಗೋಡೆಗೂ ಹನಿಗೂ ನಡುವೆ ಸಿಕ್ಕಿಕೊಂಡ ದ್ರವ ಹೊರಹೋಗಲು ಹೆಣಗುವಾಗ ಅಲ್ಲಿ ಒತ್ತಡ ಏರಿ ಹನಿಯ ಮುಂಭಾಗ ಚಪ್ಪಟೆಯಾಗುತ್ತದೆ. ದಾರಿಗೆ ಅಡ್ಡವಾಗಿ ಚಪ್ಪಟೆಯಾದ ಹನಿ ಹೆಚ್ಚು ದ್ರವವನ್ನು ಬದಿಗೆ ಸರಿಸಬೇಕು, ಹಾಗಾಗಿ ನಿಧಾನವಾಗುತ್ತದೆ. ಹರಿವು ಆಕಾರವನ್ನು ಬದಲಿಸುತ್ತದೆ, ಬದಲಾದ ಆಕಾರ ಹರಿವನ್ನು ಬದಲಿಸುತ್ತದೆ. ಇವೆರಡನ್ನೂ ಒಟ್ಟಿಗೆ ಬಿಡಿಸಬೇಕಾಗಿರುವುದರಿಂದಲೇ ಈ ಲೆಕ್ಕಗಳಿಗೆ ದೊಡ್ಡ ಗಣಕಯಂತ್ರಗಳು ಬೇಕಾಗಿವೆ.

ವೆಲ್ಡಿಂಗ್ ಅಂಗಡಿಯಲ್ಲಿ

ಕಡೂರಿನಿಂದ ಬೀರೂರು, ತರೀಕೆರೆ ದಾಟಿ ಶಿವಮೊಗ್ಗದ ಕಡೆ ಹೋಗುವ ಹೆದ್ದಾರಿಯ ಬದಿಯಲ್ಲಿ ಟ್ರೈಲರ್, ಗೇಟು, ಗ್ರಿಲ್ ಮಾಡುವ ವೆಲ್ಡಿಂಗ್ ಅಂಗಡಿಗಳು ಕಾಣುತ್ತವೆ. ಬೆಸುಗೆ ಬೀಳುವ ಜಾಗದಲ್ಲಿ ಕರಗಿದ ಲೋಹದ ಸಣ್ಣ ಮಡುವೊಂದು ಕ್ಷಣಕಾಲ ನಿಲ್ಲುತ್ತದೆ. ಅದರ ನಡು ಲೋಹ ಕುದಿಯುವ ಬಿಸಿಗೆ ಹತ್ತಿರ, ಅಂಚು ಆಗತಾನೇ ಕರಗಿದ್ದು. ಕೆಲವೇ ಮಿಲಿಮೀಟರಿನಲ್ಲಿ ನೂರಾರು ಡಿಗ್ರಿ ವ್ಯತ್ಯಾಸ. ಹೆಂಚಿನ ಎಣ್ಣೆಗೆ ಆದದ್ದು ಇಲ್ಲಿ ಎಷ್ಟೋ ಪಟ್ಟು ಜೋರಾಗಿ ಆಗುತ್ತದೆ. ಮೇಲ್ಮೈ ನಡುವಿನಿಂದ ಅಂಚಿಗೆ ಹರಿಯುತ್ತಾ ಬಿಸಿಯನ್ನೂ ಹೊರಕ್ಕೆ ಒಯ್ಯುತ್ತದೆ. ಅಂಚು ಕರಗಿ ಬೆಸುಗೆ ಅಗಲವಾಗುತ್ತದೆ, ಆದರೆ ಆಳಕ್ಕೆ ಇಳಿಯುವುದಿಲ್ಲ.

ಸ್ಟೇನ್‌ಲೆಸ್ ಸ್ಟೀಲನ್ನು ಟಂಗ್‌ಸ್ಟನ್ ಕಡ್ಡಿಯ ಕಿಡಿಯಿಂದ ಕರಗಿಸುವ ಟಿಗ್ ವಿಧಾನದಲ್ಲಿ ಬೆಸೆಯುವವರಿಗೆ ಇಲ್ಲೊಂದು ಕಗ್ಗಂಟು ಎದುರಾಗುತ್ತಿತ್ತು. ಒಂದೇ ದರ್ಜೆಯ ಎರಡು ಹಾಳೆ, ಅದೇ ಕರೆಂಟು, ಅದೇ ಕೈ. ಒಂದರಲ್ಲಿ ಬೆಸುಗೆ ಆಳಕ್ಕೆ ಇಳಿದರೆ ಇನ್ನೊಂದರಲ್ಲಿ ಮೇಲುಮೇಲೇ ಹರಡುತ್ತದೆ. 1982ರಲ್ಲಿ ಅಮೆರಿಕದ ಹೈಪಲ್ ಮತ್ತು ರೋಪರ್ ಕಾರಣವನ್ನು ಬಿಡಿಸಿದರು: ಉಕ್ಕಿನಲ್ಲಿ ಲೇಶಮಾತ್ರ ಇರುವ ಗಂಧಕ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಗಂಧಕ ನೂರಕ್ಕೆ 0.03 ಪಾಲಿನವರೆಗೆ ಇರಬಹುದು. ಇದರ ಹತ್ತರಲ್ಲೊಂದು ಭಾಗ ಇದ್ದರೂ ಅದು 304ಯೇ. ದರ್ಜೆಯ ಲೆಕ್ಕಕ್ಕೆ ಬಾರದ ಈ ವ್ಯತ್ಯಾಸ ಹರಿವಿನ ದಿಕ್ಕನ್ನೇ ತಿರುಗಿಸಿಬಿಡುತ್ತದೆ.

ಗಂಧಕ ಕರಗಿದ ಲೋಹದ ಮೇಲ್ಮೈಗೆ ಬಂದು ಕೂತು ಅದರ ಎಳೆತವನ್ನು ತಗ್ಗಿಸುತ್ತದೆ. ಮಡುವಿನ ನಡುವೆ ಬಿಸಿ ವಿಪರೀತವಾದ್ದರಿಂದ ಗಂಧಕ ಅಲ್ಲಿ ಮೇಲ್ಮೈ ಬಿಟ್ಟು ಚದುರುತ್ತದೆ; ತಣ್ಣನೆಯ ಅಂಚಿನಲ್ಲಿ ಉಳಿದುಕೊಳ್ಳುತ್ತದೆ. ಈಗ ಬಿಗಿಯಾಗಿರುವುದು ನಡು, ಸಡಿಲವಾಗಿರುವುದು ಅಂಚು. ಮೇಲ್ಮೈ ಅಂಚಿನಿಂದ ನಡುವಿಗೆ ಹರಿದು, ಅಲ್ಲಿ ನಾಲ್ಕೂ ಕಡೆಯಿಂದ ಬಂದ ದ್ರವಲೋಹ ಕೂಡಿಕೊಂಡು ಹೋಗಲು ಬೇರೆ ದಾರಿಯಿಲ್ಲದೆ ಕೆಳಕ್ಕೆ ಧುಮುಕುತ್ತದೆ. ಜೊತೆಗೆ ಬಿಸಿಯನ್ನೂ ತಳಕ್ಕೆ ಒಯ್ಯುತ್ತದೆ. ಹಾಗಾಗಿ ಗಂಧಕ ತುಸು ಹೆಚ್ಚಿರುವ ಹಾಳೆಯಲ್ಲಿ ಬೆಸುಗೆ ಕಿರಿದಾಗಿ ಆಳಕ್ಕೆ ಇಳಿಯುತ್ತದೆ, ತೀರಾ ಶುದ್ಧವಾದ ಹಾಳೆಯಲ್ಲಿ ಅಗಲವಾಗಿ ಮೇಲೆಯೇ ನಿಲ್ಲುತ್ತದೆ. ಎರಡು ಬೇರೆ ಬೇರೆ ಲಾಟಿನ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಬೆಸೆದಾಗ ಕರಗಿದ ಮಡು ನೇರ ಗೆರೆಯ ಮೇಲೆ ನಿಲ್ಲದೆ ಗಂಧಕ ಕಡಿಮೆಯಿರುವ ಹಾಳೆಯ ಕಡೆಗೆ ವಾಲುವುದೂ ಇದರಿಂದಲೇ.